ಅಂಬಿಗನ ಬಾಕಿ ಕಂತು

“ಗುರುಗಳೇ, ದಿವಾಳಿಯೆದ್ದ ಅಂಗಡಿಯಲ್ಲಿ ಉಳಿದದ್ದನ್ನು ಹಂಚುವಾಗ ಯಾರಿಗೆ ಮೊದಲು ಕೊಡಬೇಕು?” ಎಂದು ಶಿಷ್ಯ ಕೇಳಿದ. ಅಂಥದೊಂದು ಅಂಗಡಿಯಲ್ಲಿ ಅವನ ತಂದೆ ಕೊಟ್ಟ ಸಾಲ ಸಿಕ್ಕಿಕೊಂಡಿತ್ತು.

ಗುರುಗಳು ಹೇಳಿದರು:

ಈ ಹೊಳೆಯ ದಂಡೆಯಲ್ಲೇ ಒಬ್ಬ ಸಾಹುಕಾರ ದೋಣಿಗಳಿಗೆ ವಿಮೆ ಕೊಡುತ್ತಿದ್ದ. ಅಂಬಿಗರು ವರ್ಷವರ್ಷವೂ ಕಂತು ಕಟ್ಟುವುದು, ದೋಣಿ ಹೋದರೆ ಅವನು ಹೊಸದು ಮಾಡಿಸಿಕೊಡುವುದು. ಒಂದು ಮಳೆಗಾಲ ಹೊಳೆ ಉಕ್ಕಿ ಊರಿನ ಅರ್ಧ ದೋಣಿಗಳು ಕೊಚ್ಚಿಹೋದವು. ಸಾಹುಕಾರ ಕೈಯೆತ್ತಿಬಿಟ್ಟ. ಅವನ ಆಸ್ತಿ ಮಾರಿ ಹಂಚುವ ಕೆಲಸವನ್ನು ಊರವರು ಒಬ್ಬ ಬೆಲ್ಲದ ವ್ಯಾಪಾರಿಗೆ ಒಪ್ಪಿಸಿದರು. ವ್ಯಾಪಾರಿಯೂ ಆ ಸಾಹುಕಾರನಿಗೆ ಸಾಲ ಕೊಟ್ಟವನೇ. ಅದು ಬಂದರೆ ಸ್ವಂತ ಆಲೆಮನೆ ಹೂಡಬೇಕೆಂದಿದ್ದ.

ಸಾಲ ಕೊಟ್ಟವರೆಲ್ಲ ಬಂದು ಜಗಲಿ ತುಂಬಿದರು. ದೋಣಿ ಕಳೆದುಕೊಂಡ ಒಬ್ಬ ಅಂಬಿಗ ಅವರನ್ನು ದಾಟಿ ಮುಂದೆ ಬಂದು ಸೊಂಟದ ಗಂಟು ಬಿಚ್ಚಿದ.

“ಈ ವರ್ಷದ ಅರ್ಧ ಕಂತು ಬಾಕಿ ಇತ್ತು ಅಪ್ಪಾ. ನಾನು ಕೊಡದೇ ಹೋದದ್ದಕ್ಕೇ ಧಣಿಗಳು ಮುಳುಗಿದರೇನೋ ಅಂತ ನಿದ್ದೆ ಹತ್ತಲಿಲ್ಲ.”

ಜಗಲಿಯೆಲ್ಲ ನಕ್ಕಿತು. “ಎಲಾ, ಹೊಳೆಗೂ ಏನಾದರೂ ಬಾಕಿ ಇಟ್ಟಿದ್ದೆಯೇನೋ?” ಎಂದ ಒಬ್ಬ.

ವ್ಯಾಪಾರಿ ನಗಲಿಲ್ಲ. ಬೇಡ ಎನ್ನಲೂ ಇಲ್ಲ. ಬಾಕಿ ಎಂದರೆ ಬಾಕಿಯೇ. ನಾಣ್ಯಗಳು ಮೈಯ ಬಿಸಿಗೆ ಇನ್ನೂ ಬೆಚ್ಚಗಿದ್ದವು. ಎಣಿಸಿ ಪೆಟ್ಟಿಗೆಗೆ ಹಾಕಿದ. ಇವನು ಕರಗುವ ಆಸಾಮಿಯಲ್ಲ ಎಂದು ಸಾಲ ಕೊಟ್ಟವರಿಗೆ ಸಮಾಧಾನವಾಯಿತು.

ಆಮೇಲೆ ಅವನು, “ಮೊದಲು ದೋಣಿಗಳಾಗಲಿ. ಮಿಕ್ಕಿದ್ದರಲ್ಲಿ ನಮ್ಮ ಪಾಲು” ಎಂದ.

“ಮಿಕ್ಕುವುದೇನು, ಮಣ್ಣೇ? ನಿಮ್ಮ ದುಡ್ಡೂ ಹೋಗುತ್ತದಲ್ಲ ಮಾರಾಯರೇ!”

“ಹೋಗುತ್ತದೆ. ಕೊಟ್ಟದ್ದು ಬಾರದೇ ಹೋದೀತು ಎಂಬ ಅಂಜಿಕೆಗೆ ನಾವು ಬಡ್ಡಿ ತಿಂದೆವು. ಆ ಅಂಜಿಕೆಯೇ ಬೇಡವೆಂದು ಇವನು ಕಂತು ಕಟ್ಟಿದ. ಈಗ ನಷ್ಟವನ್ನೂ ಇವನ ತಲೆಗೇ ಕಟ್ಟಿದರೆ ಅದು ಯಾವ ಸೀಮೆಯ ವ್ಯಾಪಾರ?”

ಜಗಲಿ ಗೊಣಗುತ್ತಲೇ ಖಾಲಿಯಾಯಿತು. ಹೊಳೆ ಇಳಿಯುವ ಹೊತ್ತಿಗೆ ಅಂಬಿಗನ ಹೊಸ ದೋಣಿ ನೀರಿಗಿಳಿಯಿತು. ವ್ಯಾಪಾರಿಯ ಪಾಲಿಗೆ ಬಂದದ್ದು ಒಂದು ಹಿಡಿ ಚಿಲ್ಲರೆ. ಆಲೆಮನೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಶಿಷ್ಯನ ಮುಖ ಸಣ್ಣಗಾಯಿತು. “ಅಷ್ಟು ಬಿಟ್ಟುಕೊಟ್ಟ ವ್ಯಾಪಾರಿಗೆ ದಕ್ಕಿದ್ದಾದರೂ ಏನು, ಗುರುಗಳೇ?”

“ಈ ಬೆಳಿಗ್ಗೆ ನೀನು ಹೊಳೆ ದಾಟಿ ಬಂದದ್ದು ಯಾರ ದೋಣಿಯಲ್ಲಿ, ಮಗೂ?” ಎಂದರು ಗುರುಗಳು.