ಚಿಕ್ಕೀರನ ಕೂಸಿಗೆ ಊರೆಲ್ಲ ಬುದ್ಧಿ ಹೇಳಿದ್ದು

ಕಡಲಾಚೆ ಒಂದು ಚಳಿ ದೇಶ. ಅಲ್ಲಿ ನಮ್ಮ ಕಡೆಯ ಒಬ್ಬ ಪೆದ್ದ, ಹೆಸರು ಚಿಕ್ಕೀರ. ಹೆಂಡತಿ ಜಯಶೀಲ ಆಸ್ಪತ್ರೆಯಲ್ಲಿ ನರ್ಸು. ಅವಳು ಕೆಲಸಕ್ಕೆ ಹೋದರೆ ಕೂಸು ನೋಡಿಕೊಳ್ಳುವವನು ಇವನೇ. ಬಾಣಂತನಕ್ಕೆ ಬಂದಿದ್ದ ಅವನ ತಾಯಿ ದೇವೀರಮ್ಮ ಭಾನುವಾರದ ವಿಮಾನಕ್ಕೆ ಊರಿಗೆ ಹೊರಡಬೇಕು. "ಈ ಮಂಕನ ಕೈಗೆ ಕೂಸು ಕೊಟ್ಟು ಹೆಂಗಪ್ಪಾ ಹೋಗಲಿ?" ಎಂದು ಅವಳಿಗೆ ಊಟ ಸೇರುತ್ತಿರಲಿಲ್ಲ. ನೋಡೇಬಿಡೋಣ ಎಂದು ತಳ್ಳುಗಾಡಿಯಲ್ಲಿ ಕೂಸು ಮಲಗಿಸಿ ಅವನೊಬ್ಬನನ್ನೇ ಹೊರಗೆ ಕಳಿಸಿದಳು.

ಆ ದೇಶದಲ್ಲಿ ಕೂಸು ಕಂಡರೆ ಸಾಕು, ಗುರುತು ಪರಿಚಯ ಇಲ್ಲದವರೂ ಬುದ್ಧಿ ಹೇಳುತ್ತಾರೆ. ಚಿಕ್ಕೀರನಿಗೆ ಅವರ ಮಾತು ಅರ್ಥವಾಗುತ್ತಿತ್ತು, ಅನಾಹುತ ಆದದ್ದೇ ಅಲ್ಲಿ. ಪಾರ್ಕಿನಲ್ಲಿ ಒಬ್ಬ ಮುದುಕಿ, "ಏನಯ್ಯಾ, ಮಗುವಿನ ಕೆನ್ನೆಗೆ ಮಸಿ ಆಗಿದೆ, ಒರೆಸು" ಅಂದಳು. ಒರೆಸಿದ.

"ಅಯ್ಯೋ ದಡ್ಡ, ಅದು ದೃಷ್ಟಿಬೊಟ್ಟು ಕಣೋ," ಅವನು ಮನೆಗೆ ಬಂದಾಗ ತಾಯಿ ತಲೆ ಚಚ್ಚಿಕೊಂಡಳು. "ಚೆಂದ ಅಂದ್ರೆ ಕಣ್ಣು ತಾಕ್ತದೆ. ಯಾರಾದ್ರೂ ಹಂಗಂದ ತಕ್ಷಣ ಕೆನ್ನೆಗೆ ಕಾಡಿಗೆ ಇಟ್ಟುಬಿಡು."

"ಆಗಲಿ ಕಣವ್ವ."

ಮಾರನೆಯ ದಿನ ಬಸ್ಸಿನಲ್ಲಿ ಒಬ್ಬ ಹೆಂಗಸು ಪಕ್ಕದವಳಿಗೆ, "ಇವತ್ತು ಎಷ್ಟು ಚೆಂದ ಕಾಣ್ತಿದ್ದೀರಿ" ಅಂದಳು. ಚಿಕ್ಕೀರ ತಡಮಾಡಲಿಲ್ಲ. ಕಾಡಿಗೆ ಡಬ್ಬಿ ತೆಗೆದ, ಬೆರಳು ಅದ್ದಿದ, ಆ ಪಕ್ಕದವಳ ಕೆನ್ನೆಗೆ ದುಂಡಗೆ ಒಂದು ಬೊಟ್ಟು ಇಟ್ಟ. ಡ್ರೈವರು ಅಲ್ಲೇ ಬಸ್ಸು ನಿಲ್ಲಿಸಿ ಅಪ್ಪ ಮಗು ಇಬ್ಬರನ್ನೂ ಕೆಳಗಿಳಿಸಿದ.

"ಕಂಡವರ ಕೆನ್ನೆ ಮುಟ್ತಾರೇನೋ ಮುಠ್ಠಾಳ? ಹೊರಗಿನವರ ಹತ್ರ ಮರ್ಯಾದೆಯಾಗಿರು. ಅವರು ಹೆಂಗೆ ಹೇಳ್ತಾರೋ ಹಂಗೆ ಮಾಡು."

"ಆಗಲಿ ಕಣವ್ವ."

ಹಾಲು ತರಲು ಹೋದ. ಅಂಗಡಿ ಬಾಗಿಲಲ್ಲಿ ಚಳಿಯಿಂದ ಬಂದವನೊಬ್ಬ, "ಮಗುವಿಗೆ ಟೋಪಿ ಹಾಕು" ಅಂದ. ಹಾಕಿದ. ಒಳಗಿನ ಹೀಟರಿನ ಕಾವಿನಿಂದ ಬಂದವಳು, "ಅಯ್ಯೋ ಸೆಕೆ, ತೆಗಿ" ಅಂದಳು. ತೆಗೆದ. ಒಳಗೆ ಹೋಗುವವರೆಲ್ಲ ಹಾಕು ಅಂದರು, ಹೊರಗೆ ಬರುವವರೆಲ್ಲ ತೆಗಿ ಅಂದರು. ಹಾಕಿದ, ತೆಗೆದ, ಹಾಕಿದ, ತೆಗೆದ. ಕೂಸಿಗೆ ಅದೊಂದು ಆಟ, ಕೇಕೆ ಹಾಕಿ ನಕ್ಕಿತು. ಅಂಗಡಿ ಮುಚ್ಚಿದ ಮೇಲೆ ಬರಿಗೈಯಲ್ಲಿ ಮನೆಗೆ ಬಂದ.

"ನಿನ್ನ ಹೆತ್ತೆನಲ್ಲೋ," ಎಂದಳು ತಾಯಿ. "ಇನ್ನು ಯಾರು ಏನಂದ್ರೂ ಕಿವಿಗೆ ಹಾಕ್ಕೋಬೇಡ. ಗಾಡಿ ತಳ್ಕೊಂಡು ಸೀದಾ ಮನೆಗೆ ಬಾ. ತಿರುಗಿ ನೋಡಬೇಡ."

"ಆಗಲಿ ಕಣವ್ವ."

ಭಾನುವಾರ ಬಂತು. ವಿಮಾನ ನಿಲ್ದಾಣದಲ್ಲಿ ದೇವೀರಮ್ಮ ಕೂಸನ್ನು ಎತ್ತಿ ಎದೆಗವಚಿಕೊಂಡಳು. ಬಿಟ್ಟುಹೋಗಲು ಮನಸ್ಸಾಗದೆ ಮುತ್ತಿಡುತ್ತಲೇ ಇದ್ದಳು. ಖಾಲಿ ಗಾಡಿಗೆ ಚಿಕ್ಕೀರ ಅವಳ ಭಾರದ ಸೂಟ್‌ಕೇಸು ಇಟ್ಟ, ಚಳಿಯಾದೀತೆಂದು ಹೊದಿಕೆಯನ್ನೂ ಹೊದಿಸಿದ.

"ನಾನು ಹೇಳಿದ್ದು ನೆನಪಿದೆ ತಾನೆ?" ತಾಯಿ ಕಣ್ಣೊರೆಸಿಕೊಂಡಳು.

"ಇದೆ ಕಣವ್ವ," ಅಂದವನೇ ಗಾಡಿ ತಿರುಗಿಸಿ ಹೊರಟೇಬಿಟ್ಟ.

"ನಿನ್ನ ಮಗು ಇಲ್ಲಿದೆ ಕಣಯ್ಯಾ" ಎಂದು ಒಬ್ಬ ಕೂಗಿದ. "ಆ ಅಜ್ಜಿಯ ಪೆಟ್ಟಿಗೆ" ಎಂದು ಇನ್ನೊಬ್ಬಳು ಕೂಗಿದಳು. ಸಾಲಲ್ಲಿ ನಿಂತವರೆಲ್ಲ ಕೂಗಿದರು. ಚಿಕ್ಕೀರ ತಿರುಗಲಿಲ್ಲ.

ಮನೆಯಲ್ಲಿ ಜಯಶೀಲ ಹೊದಿಕೆ ಎತ್ತಿದಳು. ಸೂಟ್‌ಕೇಸು, ಅದರ ಮೂಲೆಗೊಂದು ಕಾಡಿಗೆ ಬೊಟ್ಟು.

"ಕೂಸೆಲ್ಲಿ?" ಅವಳು ಗಾಡಿಯನ್ನೆಲ್ಲ ತಡಕಿದಳು.

"ಬಸ್ಸಲ್ಲಿ ಒಬ್ಬರು, ಎಷ್ಟು ಚೆಂದ ಮಲಗಿದೆ ಅಂದ್ರು. ಅದಕ್ಕೆ ಬೊಟ್ಟಿಟ್ಟೆ," ಅಂದ ಚಿಕ್ಕೀರ.

ಅಷ್ಟರಲ್ಲಿ ಬಾಗಿಲಿಗೆ ಟ್ಯಾಕ್ಸಿ ಬಂತು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ದೇವೀರಮ್ಮ ಇಳಿದಳು. ಜಯಶೀಲ ಓಡಿಹೋಗಿ ಕೂಸನ್ನು ಇಸಿದುಕೊಂಡಳು.

"ವಿಮಾನ ಹೋಯ್ತಲ್ಲೋ ಪಾಪಿ," ಎಂದಳು ತಾಯಿ. "ಅಷ್ಟು ಜನ ಕೂಗಿದ್ರಲ್ಲ, ಒಬ್ಬರ ಮಾತಾದ್ರೂ ಕೇಳಬಾರದಿತ್ತಾ?"

ಚಿಕ್ಕೀರ ಎದೆಯುಬ್ಬಿಸಿದ.

"ಒಬ್ಬರದೂ ಕೇಳಲಿಲ್ಲ ಕಣವ್ವ. ನೀನೂ ಕೂಗಿದೆ. ನಿನ್ನದೂ ಕೇಳಲಿಲ್ಲ."