ಊರು ನೋಡದ ನರಿ

ಆಫ್ರಿಕಾದ ಒಂದು ಕಾಡಿನ ಅಂಚಿನಲ್ಲಿ ಪುಟ್ಟ ಊರೊಂದಿತ್ತು. ಆ ಕಾಡಿನ ಗಿನಿಕೋಳಿ ಕಾಂಗಾ ದಿನಾ ಬೆಳಗ್ಗೆ ಊರೊಳಗೆ ಒಂದು ಸುತ್ತು ಹಾಕುತ್ತಿತ್ತು. ಗಿರಣಿಯ ಮುಂದೆ ಚೆಲ್ಲಿದ ಜೋಳ ಹೆಕ್ಕುತ್ತಿತ್ತು. ಮರಳಿ ಬಂದು ಕಂಡದ್ದನ್ನೆಲ್ಲ ಕಾಡಿನ ಪ್ರಾಣಿಗಳಿಗೆ ಹೇಳುತ್ತಿತ್ತು.

"ಬೋಂಡಾ ಕರಿಯುವ ಅಜ್ಜಿ ಇವತ್ತೂ ಎಣ್ಣೆಗೆ ಬೈಯುತ್ತಿದ್ದಳು. ಸೈಕಲ್ಲಿನವನು ನಾಲ್ಕು ಬಾಳೆಗೊನೆ ಹೇರಿದ್ದ. ಗೊನೆಗಳ ನಡುವೆ ಅವನೇ ಕಾಣಲಿಲ್ಲ! ಮರದ ಕೆಳಗಿನ ದರ್ಜಿಯ ಅಳತೆಪಟ್ಟಿಯನ್ನು ಆಡು ತಿನ್ನುತ್ತಿತ್ತು."

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನರಿ ಮಾತ್ರ ನಗುತ್ತಿರಲಿಲ್ಲ. ಕಾಂಗಾ ಎಷ್ಟು ಹೊತ್ತಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಲೆಕ್ಕ ಹಾಕುತ್ತಿತ್ತು. ಪೊದೆಯಲ್ಲಿ ಕಾಂಗಾದ ಎಂಟು ಮೊಟ್ಟೆಗಳಿದ್ದವು.

ಒಂದು ಶನಿವಾರ ಕಾಂಗಾ ಬೇಗನೆ ಮರಳಿತು. ಪೊದೆಯಲ್ಲಿ ಆರೇ ಮೊಟ್ಟೆ! ಒಡೆದ ಚಿಪ್ಪು ಇನ್ನೂ ಹಸಿಯಾಗಿತ್ತು. ಕಾಂಗಾದ ಕೂಗಿಗೆ ಕಾಡೆಲ್ಲ ಸೇರಿತು. ನರಿಯೂ ಏದುಸಿರು ಬಿಡುತ್ತಾ ಬಂತು.

"ಎಲ್ಲಿದ್ದೆಯೋ?" ಎಂದು ಕಾಡುಹಂದಿ ಕೇಳಿತು.

"ಊರಿಗೆ ಹೋಗಿದ್ದೆ ಮಾವ. ಕಾಂಗಾ ತಂಗಿಯ ಕಥೆ ಕೇಳಿ ಕೇಳಿ ಆಸೆಯಾಯಿತು. ಈಗಷ್ಟೇ ಬಂದೆ."

"ಏನೇನು ಕಂಡೆ?"

"ಬೋಂಡಾ ಅಜ್ಜಿ, ಬಾಳೆಗೊನೆ ಸೈಕಲ್ಲು, ದರ್ಜಿ... ಹಾಂ, ಆ ಆಡು!"

"ಎಲ್ಲ ಸರಿಯಾಗೇ ಇದೆಯಲ್ಲ," ಎಂದಿತು ಕಾಡುಹಂದಿ.

ಕಾಂಗಾ ಕತ್ತು ಓರೆ ಮಾಡಿತು. "ಬೋಂಡಾ ಬಿಸಿ ಇತ್ತಾ ನರಿಯಣ್ಣ?"

"ಬಾಯೇ ಸುಟ್ಟುಹೋಯಿತು ಮಾರಾಯ್ತಿ!"

"ಇವತ್ತು ತಿಂಗಳ ಕೊನೆಯ ಶನಿವಾರ. ಈ ದಿನ ಬೆಳಗ್ಗೆ ಆ ಊರಲ್ಲಿ ಅಂಗಡಿ ತೆರೆಯುವುದಿಲ್ಲ. ಅಜ್ಜಿ, ದರ್ಜಿ, ಸೈಕಲ್ಲಿನವನು, ಎಲ್ಲರೂ ಪೊರಕೆ ಹಿಡಿದು ಬೀದಿ ಗುಡಿಸುತ್ತಾರೆ. ನಾನು ಅದನ್ನು ಮರೆತು ಊರಿಗೆ ಹೋಗಿದ್ದೆ. ಹೆಕ್ಕಲು ಒಂದು ಕಾಳೂ ಇಲ್ಲದೆ ಬೇಗ ಬಂದೆ."

"ಸುಟ್ಟ ಬಾಯಿ ತೆಗಿ, ನೋಡೋಣ," ಎಂದಿತು ಕಾಡುಹಂದಿ.

ನರಿ ಬಾಯಿ ಬಿಗಿದುಕೊಂಡು ಓಟ ಕಿತ್ತಿತು. ಮೂರು ಕಡೆಯಿಂದ ಪ್ರಾಣಿಗಳು ಅಟ್ಟಿಸಿಕೊಂಡು ಬಂದವು. ಉಳಿದದ್ದು ಊರಿನ ದಾರಿ ಒಂದೇ. ಅಲ್ಲಿ ಬೀದಿಯ ಎರಡೂ ಬದಿ ಪೊರಕೆ ಹಿಡಿದ ಜನ! ನರಿ ಮೊದಲ ಸಲ ಊರನ್ನು ಕಣ್ಣಾರೆ ಕಂಡಿತು. ಮತ್ತೆ ಆ ಕಾಡಿನ ಕಡೆ ತಲೆ ಹಾಕಲಿಲ್ಲ.

ಮರುದಿನ ಕಾಂಗಾ ಮೊಟ್ಟೆಗಳಿಗೆ ಕಾಡುಹಂದಿಯನ್ನು ಕಾವಲಿಟ್ಟು ಊರಿಗೆ ಹೋಯಿತು. ಬೋಂಡಾ ಅಜ್ಜಿ ಎಣ್ಣೆಗೆ ಬೈಯುತ್ತಿರಲಿಲ್ಲ. ಬಂದವರಿಗೆಲ್ಲ ಮುರಿದ ಪೊರಕೆ ತೋರಿಸಿ ನಗುತ್ತಿದ್ದಳು.

ನೀತಿ: ಇನ್ನೊಬ್ಬರು ಕಂಡದ್ದನ್ನು ತಾನೇ ಕಂಡೆ ಎನ್ನುವವನ ಸುಳ್ಳು ಒಂದೇ ಪ್ರಶ್ನೆಗೆ ಸಿಕ್ಕಿಬೀಳುತ್ತದೆ.