ಗಾಳೆಪ್ಪನ ಹಗ್ಗದ ತುದಿ

ಬಾ ತಂಗಿ, ಕೂಡು. ಇಲ್ಲೆ ಎದುರಿಗೆ ಕೂಡು, ಕೈಯಾಗ ಹಗ್ಗ ಐತಿ, ನನಗ ಏಳಾಕ ಆಗೂದಿಲ್ಲ. ಕುಡಿಯೂದು ಬಿಡಬೇಕನ್ನೋರು ಕೂಡೂ ಜಾಗಾ ಎಲ್ಲೈತಿ ಅಂತ ಊರೂರು ಕೇಳ್ಕೋತ ಬಂದೀನಿ ಅಂದಿ. ಇದ ಅದು. ನಿನ್ನ ಗಂಡ ಬೇಲಿ ಹೊರಗ ನಿಂತಾನ, ನೋಡೀನಿ. ಕರೀಬ್ಯಾಡ, ನಿಂದರ್ಲಿ. ಅಲ್ಲೀತನಕ ಗಾಳೆಪ್ಪನ ಕಥಿ ಕೇಳು.

ಭಾಳ ಹಿಂದ, ನಮ್ಮಜ್ಜಿಯ ಅಜ್ಜಿನೂ ಹುಟ್ಟಿರದ ಕಾಲಕ್ಕ, ಈ ಊರಾಗ ಗಾಳೆಪ್ಪ ಅನ್ನಾವ ಇದ್ದನಂತ. ಪುಂಡಿನಾರಿನ ಹಗ್ಗ ಹೊಸೀತಿದ್ದ. ಅವನ ಹಗ್ಗಕ್ಕ ಆನಿ ಕಟ್ಟಿದ್ರೂ ಹರೀತಿದ್ದಿಲ್ಲ ಅಂತಾರ. ಹೋಗೂ ಮೋಡಕ್ಕ ಹಗ್ಗ ಒಗದು ಮಳಿ ಎಳಕೊಂಡು ಬಂದ ಅಂತಾರ. ಮಂದಿಗೇನು, ಬಾಯಿ ಐತಿ, ಅಂತಾರ. ಆದ್ರ ಅವನ ಕುಡಿತ ಮಾತ್ರ ಖರೇ, ಅದನ್ನ ಯಾರೂ ಹೆಚ್ಚು ಮಾಡಿ ಹೇಳಬೇಕಾಗಿಲ್ಲ.

ಹೊತ್ತು ಇಳೀತಂದ್ರ ಅವನ ಕೈ ನಡಗತಿದ್ವಂತ. ಸಾರಾಯಿ ಅಂಗಡ್ಯಾಗ ದೀಪ ಹಚ್ಚಿದ್ರ ಕಾಲು ತಾವ ಅತ್ತಾಗ ಹೋಗತಿದ್ವಂತ. ಒಂದು ಸಲ ಗಾಳೆಪ್ಪ ಕುಡಿದ ಕೈಲೆ ಹೊಸೆದ ಹಗ್ಗ ಕಟಗೊಂಡು, ಅವನ ಹೇಣ್ತಿ ಫಕೀರವ್ವನ ತಮ್ಮ ಬಾವಿ ಹೂಳು ತಗ್ಯಾಕ ಇಳಿದ. ಹಗ್ಗ ನಡುವ ಹರೀತು. ಆ ಹುಡುಗ ಉಳೀಲಿಲ್ಲ.

ಅವತ್ತಿಂದ ಗಾಳೆಪ್ಪ ಕುಡಿತ ಬಿಡಸೋರನ್ನ ಹುಡುಕ್ಕೋತ ಹೊಂಟನಂತ, ಈಗ ನೀ ಹೊಂಟಿಯಲ್ಲ, ಹಂಗ. ಒಬ್ಬ ಸ್ವಾಮಿ ವಿಭೂತಿ ಕೊಟ್ಟ. ಒಬ್ಬ ಬೇರು ಅರದು ಕುಡಿಸಿದ. ಇನ್ನೊಬ್ಬ ಆಣಿ ಮಾಡಿಸಿ, ತಲಿ ಬೋಳಿಸಿ ಕಳಿಸಿದ. ಎಲ್ಲಾರೂ ಬೈದ್ರು. ಎಲ್ಲಾ ತಗೊಂಡು ಊರಿಗೆ ಬರ್ತಿದ್ದ, ಅಂಗಡಿ ದೀಪ ಕಾಣತಿತ್ತು, ಮುಗೀತು. ಹಿಂಗ ಹೋಗಿ ಬಂದು, ಹೋಗಿ ಬಂದು, ಅವನೂ ದಣದಾ, ಆಕಿನೂ ದಣದ್ಲು.

ಒಂದಿನ ಸಂಜಿಮುಂದ ಅವ ಮತ್ತ ಅಂಗಡಿಗೆ ಹೋಗಾಕ ಎದ್ದು ನಿಂತ. ಫಕೀರವ್ವ ಅಳಲಿಲ್ಲ, ಬೈಲಿಲ್ಲ. ಅಳೂದು ಬೈಯೂದು ಎಲ್ಲಾ ತೀರಿಹೋಗಿತ್ತು. ಹೊಟ್ಟಿಪಾಡಿಗೆ ಆಕಿ ತಾನ ಹಗ್ಗ ಹೊಸೀತಿದ್ಲು. ಒಂದು ತುದಿ ಅವನ ಕೈಯಾಗ ಇಟ್ಲಂತ.

“ಹೊಸಿಬ್ಯಾಡ. ಸುಮ್ಮ ಹಿಡಿ. ನೀ ಬಿಟ್ರ ನನ್ನ ಹುರಿ ಬಿಚ್ಚತೈತಿ.”

ಅಷ್ಟ ಅಂದ್ಲಂತ. ಅದರಾಗ ಸುಳ್ಳಿಲ್ಲ, ಹೊಸಿಯೂ ಹಗ್ಗಾನ ಒಬ್ಬರು ಬಿಗಿಯಾಗಿ ಹಿಡೀಲಿಲ್ಲಂದ್ರ ಹುರಿ ಗಿರ್ರನೆ ತಿರುಗಿ, ಮಾಡಿದ್ದೆಲ್ಲಾ ನಾರಾಗತೈತಿ. ಗಾಳೆಪ್ಪ ಹಿಡಿದ. ಕಾಲು ಅಂಗಡಿ ಕಡೆ ಎಳದ್ವು, ಆದ್ರ ಕೈ ಬಿಡಲಿಲ್ಲ. ಅಂಗಡಿ ದೀಪ ಆರೂ ತನಕ ಹಿಡಿದ ಅಂತಾರ.

ಮರುದಿನ ಬಡಿಗೇರ ಕಾಳೋಜಿ ಸಾರಾಯಿ ಅಂಗಡಿಗೆ ಹೊಂಟಾವ ಬೇಲಿ ಹತ್ರ ನಿಂತು ನಕ್ಕನಂತ. ಎಳಿ ಒಂದರ ಮ್ಯಾಲ ಒಂದು ಬೀಳಾಕತ್ತಾವ, ನಡುವ ಬೆರಳಿಟ್ಟು ಹಿಡಿ ಬಾರಪ್ಪಾ ಅಂತ ಫಕೀರವ್ವ ಕರದ್ಲು. ಒಂದು ಗಳಿಗಿ ಅಂತ ಬಂದಾವ ಕುಂತ. ಅವತ್ತು ಅಂಗಡಿಗೆ ಹೋಗಲಿಲ್ಲ. ಹಂಗ ಒಬ್ಬೊಬ್ಬರ ಬಂದು ಸಂಜಿಮುಂದ ಕೂಡಾಕ ಹತ್ತಿದ್ರು.

ಇಲ್ಲಿಗೆ ಮುಗಿದಿದ್ರ ಎಷ್ಟು ಚಂದಿತ್ತು. ಮುಗೀಲಿಲ್ಲ ತಂಗಿ. ಫಕೀರವ್ವನ ತಮ್ಮ ಸತ್ತ ದಿನ ತಿರುಗಿ ಬಂತು. ಆ ಸಂಜಿ ಗಾಳೆಪ್ಪ ತುದಿ ಬಿಟ್ಟು ಎದ್ದು ಹೋದ. ಹುರಿ ಬಿಚ್ಚಿ ಕಾಳೋಜಿ ಅಂಗೈ ಸುಲೀತು. ಮೊದಲ ಹಿಡಿದಾವನ ಹೋದ, ನಾವ್ಯಾಕ ಕೂಡೂದು ಅಂತ ಕಾಳೋಜಿನೂ ಎದ್ದ. ಫಕೀರವ್ವ ಅವನ್ನ ತಡೀಲಿಲ್ಲ. ಗಾಳೆಪ್ಪ ಒಗದು ಹೋದ ತುದೀನ ತನ್ನ ಕಾಲಾಗ ಒತ್ತಿ ಹಿಡಕೊಂಡು ಹೊಸೀಕೋತ ಕುಂತ್ಲಂತ. ಅದನ್ನ ನೋಡಿ ಕಾಳೋಜಿ ಮತ್ತ ಕುಂತನಂತ.

ಎರಡು ದಿನಕ್ಕ ಗಾಳೆಪ್ಪ ಬಂದು ಬೇಲಿ ಹೊರಗ ನಿಂತ. ಒಳಗ ಬರಾಕ ಮುಖ ಇಲ್ಲ. ಯಾರೂ ಬಾ ಅನ್ಲಿಲ್ಲ, ಹೋಗು ಅನ್ಲಿಲ್ಲ. ಫಕೀರವ್ವ ಹಗ್ಗದ ತುದೀನ ಬೇಲಿ ಸಂದ್ಯಾಗಿಂದ ಹೊರಗ ಸರಿಸಿದ್ಲು. ಭಾಳ ಹೊತ್ತಾದಮ್ಯಾಲ ಬಗ್ಗಿ ಹಿಡಿದನಂತ. ಸಡಲಾದ ಭಾಗ ಕೊಯ್ದು ಒಗಿಯೂಣು, ಹೊಸಾದು ಹಿಡಿಯೂಣು ಅಂದ. ಆಕಿ ಒಪ್ಪಲಿಲ್ಲ.

“ಅಲ್ಲಿಂದ ಮುಂದ ಹೊಸಿ,” ಅಂದ್ಲು.

ಅವ ತಲಿಗೆ ಸುತ್ತಿದ ಪಟಗಾದಾಗಿಂದ ಒಂದು ಚಿಂದಿ ಹರದು ಸಡಲಾದಲ್ಲಿ ಕಟ್ಟಿದ, ಮತ್ತ ಯಾರೂ ಈ ಹಗ್ಗ ನಂಬಿ ಬಾವಿಗೆ ಇಳೀಬಾರದಂತ. ಆಮ್ಯಾಲ ಸಾಯೂತನಕ ಕುಡೀಲಿಲ್ಲ ಅಂತಾರ. ಇನ್ನೂ ಒಂದೆರಡು ಚಿಂದಿ ಕಟ್ಟಿದ ಅಂತನೂ ಅಂತಾರ. ನನಗ ಎರಡನೇದ ಖರೇ ಅನ್ನಸತೈತಿ.

ಗಾಳೆಪ್ಪ ಹಿಡಿದ ನಾರು ಎಂದೋ ಗೆದ್ದಲ ತಿಂದಿರತೈತಿ. ಆದ್ರೂ ನಾವು ಇದಕ್ಕ ಗಾಳೆಪ್ಪನ ಹಗ್ಗ ಅಂತೀವಿ. ದಿನಾ ಸಂಜಿಗೆ ಒಂದೀಟು ಹೊಸೀತೀವಿ, ಮಾರೂದಿಲ್ಲ. ಬಂದೋರ ಹೆಸರು ಕೇಳೂದಿಲ್ಲ. ಬಿಟ್ಟು ಹೋಗಿ ತಿರುಗಿ ಬಂದಾವ ತನ್ನ ಚಿಂದಿ ತಾನ ಕಟ್ಟತಾನ. ನೋಡು, ಎಷ್ಟು ಚಿಂದಿ ಅದಾವ. ಅದರಾಗ ನನ್ನ ಮಗಂದೂ ಅದಾವ. ಕಡೀ ಸಲ ಹೋದಾವ ತಿರುಗಿ ಬಂದಿಲ್ಲ. ಅದಕ್ಕ ನಾ ಇಲ್ಲೆ ಕೂಡತೀನಿ, ತೋಳು ಸೋತ್ರೂ ಕೂಡತೀನಿ.

ಇವತ್ತೂ ಒಂದು ತುದಿ ಬೇಲಿ ಹೊರಗ ಬಿಟ್ಟೀನಿ, ನಿನ್ನ ಗಂಡನ ಕಾಲ ಹತ್ರನ ಐತಿ. ಅಳಬ್ಯಾಡ. ಹೊಳ್ಳಿ ನೋಡಬ್ಯಾಡ.

ತಡಿ. ಹಗ್ಗ ಬಿಗೀತು ನೋಡು.